ಕ್ಯಾಮೆರಾ ಕಾವಲಿಗೆ ಬಿಟ್ಟ ಹಾರ

ಸಂಪಿಗೆ ಮರದಡಿ ಸಾಕವ್ವ ಹೂ ಕಟ್ಟುತ್ತಿದ್ದರೆ ಇಡೀ ಬೀದಿಗೇ ಸಣ್ಣ ಮಂಪರು ಹತ್ತುತ್ತಿತ್ತು. ಒಂದು ದಿನ ಬಡಾವಣೆ ಸಂಘದ ಅಧ್ಯಕ್ಷ ಶಾಂತವೀರಪ್ಪನವರು ಬಂದರು. "ಕಳ್ಳರನ್ನು ತಡೆಯಲು ಕ್ಯಾಮೆರಾ ಹಾಕಿಸಿದ್ದೇವೆ. ಇನ್ನು ಈ ಬೀದೀಲಿ ಯಾರೂ ಕೂರುವಂತಿಲ್ಲ. ಜಾಗ ಖಾಲಿ ಮಾಡು."

"ಆಗಲಿ ಸ್ವಾಮಿ," ಎಂದಳು ಸಾಕವ್ವ.

ಮರುದಿನ ಅವರ ಮನೆಗೆ ದಿನವೂ ಕೊಡುತ್ತಿದ್ದ ಪೂಜೆಯ ಮಲ್ಲಿಗೆ ಹಾರವನ್ನು ಕ್ಯಾಮೆರಾಗೆ ಕಾಣುವಂತೆ ಅವರ ಗೇಟಿಗೇ ತೂಗುಹಾಕಿ, ಪಕ್ಕದ ಬೀದಿಗೆ ಹೋಗಿ ಕೂತಳು. ತೂಕಡಿಸುವ ಬಿಸಿಲಲ್ಲಿ ಬೀಡಾಡಿ ಹಸುವೊಂದು ಕನಸಿನಲ್ಲಿ ನಡೆದಂತೆ ಬಂದು, ಹಾರವನ್ನು ನಿಧಾನವಾಗಿ ಮೆದ್ದಿತು.

ಶಾಂತವೀರಪ್ಪನವರು ಫೋನು ಹಿಡಿದು ಹುಡುಕಿಕೊಂಡು ಬಂದರು. "ಹಾರವನ್ನು ಹಸು ತಿಂತು. ನೋಡು, ಎಲ್ಲ ಇದರಲ್ಲಿದೆ."

"ಇರ್ತದೆ ಸ್ವಾಮಿ. ನಿಮ್ಮ ಕ್ಯಾಮೆರಾ ಹಸು ಬಂದದ್ದನ್ನೂ ನೋಡ್ತು, ತಿಂದದ್ದನ್ನೂ ನೋಡ್ತು. ನಾನಿದ್ದಿದ್ರೆ 'ಹೋಯ್' ಅಂತಿದ್ದೆ."

ಅಧ್ಯಕ್ಷರು ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅವಳ ಬುಟ್ಟಿಯನ್ನು ತಾವೇ ಎತ್ತಿಕೊಂಡು ಸಂಪಿಗೆ ಮರದ ಕಡೆಗೆ ನಡೆದರು.