ಬೆಣ್ಣೆಗೆ ಕೆರೆತ, ಬೆಣ್ಣೆಗೆ ನಿದ್ದೆ ಇಲ್ಲ

ಎಲ್ಲರೂ ಕೂತಿರಾ? ಕಾಲು ಮಡಚಿ. ಬೆನ್ನು ನೆಟ್ಟಗೆ. ಹಾಂ, ಈಗ ಕೇಳಿ.

ಎವ್ಲಿನಮ್ಮನ ಮನೆಯಲ್ಲಿ ಒಂದು ನಾಯಿ. ಅದರ ಹೆಸರು ಬೆಣ್ಣೆ. ಎವ್ಲಿನಮ್ಮನ ಮನೆ ಫಳಫಳ. ಎವ್ಲಿನಮ್ಮನ ಸೀರೆ ಗರಿಗರಿ. ಬೆಣ್ಣೆಗೂ ದಿನಾ ಬಟ್ಟೆಸೋಪಿನ ಸ್ನಾನ. ಆದರೆ ಬೆಣ್ಣೆ ಮಲಗುವ ಗೋಣಿ? ಅದು ಜಗಲಿಯ ಮೂಲೆಯಲ್ಲಿ. ಅದನ್ನು ಯಾರೂ ಒಗೆದೇ ಇಲ್ಲ.

ಒಂದು ಮಧ್ಯಾಹ್ನ ಬೆಣ್ಣೆಯ ನಿದ್ದೆ ಕಳೆದುಹೋಯಿತು. ಬೆಣ್ಣೆ ಕಿವಿ ಕೆರೆದುಕೊಂಡಿತು, ಪರಪರ. ಹೊಟ್ಟೆ ಕೆರೆದುಕೊಂಡಿತು, ಪರಪರ. ಬಾಲದ ಬುಡ ಕಚ್ಚಿಕೊಂಡಿತು. ಕೂದಲು ಉದುರಿತು, ಚರ್ಮ ಕೆಂಪಾಯಿತು. ನಿದ್ದೆ ಮಾತ್ರ ಬರಲಿಲ್ಲ.

ಕೂದಲು ಸರಿಸಿ ನೋಡಿದರೆ ಕರಿ ಕರಿ ಪುಡಿ. ಪುಡಿಯ ಪಕ್ಕ ಒಂದು ಚಿಗಟ! ಪುಡಿ ಅದರ ಹಿಕ್ಕೆ.

"ಚಿಗಟಣ್ಣ, ಚಿಗಟಣ್ಣ, ಇಳಿದು ಹೋಗು. ನನಗೆ ನಿದ್ದೆ ಇಲ್ಲ."

"ಇಳಿಯಲ್ಲ ಹೋಗೇ! ನಿನ್ನ ಬೆನ್ನಲ್ಲಿ ನನ್ನ ಊಟ, ಗೋಣಿಯಲ್ಲಿ ನನ್ನ ಮನೆ. ಗೋಣಿ ಓಡಿಸಲಿ, ಆಮೇಲೆ ನೋಡೋಣ."

"ಗೋಣಿಯಕ್ಕ, ಗೋಣಿಯಕ್ಕ, ಚಿಗಟವನ್ನು ಓಡಿಸು. ಚಿಗಟ ಇಳಿಯಲ್ಲ. ನನಗೆ ನಿದ್ದೆ ಇಲ್ಲ."

"ನನಗೇನು ಕೈ ಇದೆಯಾ? ಬಿಸಿನೀರು ಬೇಕು ಮಗಾ. ಹಂಡೆಯನ್ನು ಕೇಳು."

"ಹಂಡೆಮಾವ, ಹಂಡೆಮಾವ, ನೀರು ಕಾಯಿಸು. ಗೋಣಿ ಓಡಿಸಲ್ಲ. ಚಿಗಟ ಇಳಿಯಲ್ಲ. ನನಗೆ ನಿದ್ದೆ ಇಲ್ಲ."

"ಒಲೆ ಉರಿಯದೆ ನಾನು ಕಾಯೋದು ಹೇಗೆ? ಒಲೆಯನ್ನು ಕೇಳು."

"ಅಯ್ಯೋ, ಇನ್ನೊಬ್ಬರಾ!" ಪರಪರ, ಪರಪರ.

"ಒಲೆಯಜ್ಜಿ, ಒಲೆಯಜ್ಜಿ, ಉರಿ. ಹಂಡೆ ಕಾಯಲ್ಲ. ಗೋಣಿ ಓಡಿಸಲ್ಲ. ಚಿಗಟ ಇಳಿಯಲ್ಲ. ನನಗೆ ನಿದ್ದೆ ಇಲ್ಲ."

"ನಾನಾಗಿ ಹತ್ತಿಕೊಳ್ತೇನಾ? ಎವ್ಲಿನಮ್ಮ ಕಡ್ಡಿ ಗೀರಬೇಕು. ಅವರನ್ನೇ ಕೇಳು."

ಎವ್ಲಿನಮ್ಮ ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು.

"ಎವ್ಲಿನಮ್ಮ, ಎವ್ಲಿನಮ್ಮ, ಕಡ್ಡಿ ಗೀರಿ. ಒಲೆ ಉರಿಯಲ್ಲ. ಹಂಡೆ ಕಾಯಲ್ಲ. ಗೋಣಿ ಓಡಿಸಲ್ಲ. ಚಿಗಟ ಇಳಿಯಲ್ಲ. ನನಗೆ ನಿದ್ದೆ ಇಲ್ಲ."

"ಛೀ! ನನ್ನ ಮನೆಯಲ್ಲಿ ಚಿಗಟವೇ? ಬೆಳಿಗ್ಗೆ ತಾನೇ ಸೋಪು ಹಾಕಿ ಉಜ್ಜಿದ್ದೇನೆ! ಬಾ, ಇನ್ನೊಂದು ಸಲ ಉಜ್ಜುತ್ತೇನೆ."

"ಸೋಪು ಬೇಡ, ಚರ್ಮ ಉರಿಯುತ್ತೆ. ಗೋಣಿ ಒಗೆಯಿರಿ."

"ಗೋಣಿ ನಿನ್ನದು. ನಾನೇಕೆ ಮುಟ್ಟಲಿ? ಹೊರಡು!"

ಬೆಣ್ಣೆಗೆ ಸಾಕೋ ಸಾಕಾಯಿತು. ಗೋಣಿಯನ್ನು ಕಚ್ಚಿ ದರದರ ಎಳೆಯಿತು. ಎವ್ಲಿನಮ್ಮನ ಕಾಲ ಬುಡದಲ್ಲೇ ಹಾಕಿ ಧೊಪ್ಪನೆ ಬಿದ್ದುಕೊಂಡಿತು.

ಗೋಣಿಯಿಂದ ಇನ್ನೊಂದು ಚಿಗಟ ನೆಗೆಯಿತು. ಗರಿಗರಿ ಸೀರೆಯೊಳಗೆ ಹೊಕ್ಕಿತು.

ಎವ್ಲಿನಮ್ಮ ಕಣ್ಣು ಮುಚ್ಚಿದರು. ಪರಪರ! ಮಗ್ಗುಲು ಬದಲಿಸಿದರು. ಪರಪರ! ಅವರ ನಿದ್ದೆಯೂ ಕಳೆದುಹೋಯಿತು.

"ಅಯ್ಯೋ ದೇವರೇ! ಬೆಂಕಿಪೊಟ್ಟಣ ಎಲ್ಲಿ?"

ಎವ್ಲಿನಮ್ಮ ಕಡ್ಡಿ ಗೀರಿದರು. ಒಲೆ ಉರಿಯಿತು. ಹಂಡೆ ಕಾಯಿತು. ಬಿಸಿನೀರು ಗೋಣಿಯ ಮೇಲೆ ಸುರಿಯಿತು, ಬದಲಿಸಿದ ಸೀರೆಯ ಮೇಲೂ ಸುರಿಯಿತು. ಗೋಣಿ ಚಿಗಟಗಳನ್ನೆಲ್ಲ ಓಡಿಸಿತು, ಬಿಸಿಲಲ್ಲಿ ಗರಿಗರಿ ಒಣಗಿತು. ಎವ್ಲಿನಮ್ಮ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಣ್ಣೆಯನ್ನು ಬಾಚಿದರು. ಬೆನ್ನಿನ ಚಿಗಟವೂ ಇಳಿಯಿತು. ಬೆಣ್ಣೆಗೆ ನಿದ್ದೆ ಬಂತು.

ಈಗ ಮನೆಯ ಚಾದರ ಒಗೆದಾಗಲೆಲ್ಲ ಗೋಣಿಗೂ ಒಗೆತ. ಬಟ್ಟೆಸೋಪು ಬಟ್ಟೆಗೆ ಮಾತ್ರ.

ಕುರ್ಚಿಯ ಮೇಲೊಂದು ಗೊರಕೆ. ಕುರ್ಚಿಯ ಕೆಳಗೊಂದು ಗೊರಕೆ. ಕೇಳಿಸಿತಾ? ಇನ್ನು ಸದ್ದಿಲ್ಲದೆ ಏಳಿ. ಎಬ್ಬಿಸಿದರೆ ನೋಡಿ!