ದೊರೆಗೆ ಬಾರದ ಬಿಕ್ಕಳಿಕೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಬಾಯಲ್ಲೂ ಪೂರ್ತಿ ಹಲ್ಲಿದ್ದ ಕಾಲ ಅನ್ನು, ಕೆಂಚರಾಯ ಅಂತ ಒಬ್ಬ ದೊರೆ ಇದ್ದನಂತೆ. ಮೂವರು ರಾಣಿಯರು, ಮೂರು ಕೋಟೆ, ಆದರೆ ಹುಟ್ಟಿದಾಗಿನಿಂದ ಒಂದೂ ಬಿಕ್ಕಳಿಕೆ ಬಂದಿರಲಿಲ್ಲವಂತೆ. ಯಾರಾದರೂ ನೆನೆಸಿಕೊಂಡರೆ ತಾನೇ ಬಿಕ್ಕಳಿಕೆ ಬರೋದು? ಅವರ ಹೆಸರು ಹೇಳಿದರೆ ತಾನೇ ನಿಲ್ಲೋದು? ಮಂತ್ರಿ ಬಿಕ್ಕಿ, ಮಗಳ ಹೆಸರು ಹೇಳಿದರೆ ನಿಲ್ಲುತ್ತಿತ್ತಂತೆ. ಕಾವಲುಗಾರ ಬಿಕ್ಕಿ, ಹೆಂಡತಿ ಹೆಸರು ಹೇಳಿ ನಾಚಿಕೊಳ್ಳುತ್ತಿದ್ದನಂತೆ. ಒಂದಿನ ಕುದುರೆಯೂ ಬಿಕ್ಕಿತಂತೆ. ಅವತ್ತು ದೊರೆಗೆ ಊಟ ಸೇರಲಿಲ್ಲವಂತೆ.

ಆಮೇಲೆ ಡಂಗುರ ಹೊಡೆಸಿದನಂತೆ, ದಿನಾ ಬೆಳಿಗ್ಗೆ ಎಲ್ಲರೂ ದೊರೆಯನ್ನು ನೆನೆಯಬೇಕು ಅಂತ. ಜನ ಭಕ್ತಿಯಿಂದ ಕಣ್ಣು ಮುಚ್ಚಿ ತಂತಮ್ಮ ಎಮ್ಮೆಗಳನ್ನು ನೆನೆಸಿಕೊಂಡರಂತೆ.

ಅಂಬೆಗಾಲಿಡುವಾಗಿನಿಂದ ದೊರೆಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ಅರಮನೆಯಲ್ಲಿ ಇದ್ದಳಂತೆ. ನೆನೆಸ್ಕೊಳ್ಳೋಕೆ ನೀನೇನು ಊರು ಬಿಟ್ಟು ಹೋಗಿದೀಯೇನೋ, ಮೊದಲು ಕಿವಿ ಹಿಂದೆ ಉಜ್ಕೋ ಅಂದಳಂತೆ. ದೊರೆಗೇ ನೀನು ಅಂತೀಯಾ ಅಂತ ರೇಗಿ, ಅವಳನ್ನು ಅವಳ ತಮ್ಮನ ಊರಿಗೆ ಅಟ್ಟಿಬಿಟ್ಟನಂತೆ.

ಆಮೇಲೆ ನೀರು ಹಾಕಲು ಬಂದವರು, ಮಹಾಪ್ರಭುಗಳ ಕಿವಿಯ ಹಿಂಭಾಗ ಚಿನ್ನದ ಹಾಗಿದೆ ಅಂದರಂತೆ. ಉಜ್ಜಲಿಲ್ಲವಂತೆ. ಒಬ್ಬನೇ ಕೂತರೆ ಬಚ್ಚಲುಮನೆ ಬಹಳ ದೊಡ್ಡದಾಗಿ ಕಾಣಿಸುತ್ತಿತ್ತಂತೆ. ಮೂರನೇ ದಿನ ಊಟಕ್ಕೆ ಕೂತ ದೊರೆಗೆ, ಹಿಕ್!

ಊರಿಗೆಲ್ಲ ಸಕ್ಕರೆ ಹಂಚಿದರಂತೆ. ಹಿರಿರಾಣಿ ಹೆಸರು ಹೇಳಿದ, ಹಿಕ್. ನಡುರಾಣಿ, ಹಿಕ್. ಕಿರಿರಾಣಿ, ಹಿಕ್ ಹಿಕ್. ರಾಣಿಯರು ಎದ್ದು ಒಳಗೆ ಹೋದರಂತೆ. ಮಂತ್ರಿ, ಸೇನಾಪತಿ ಅಂತ ಗೊತ್ತಿದ್ದ ಹೆಸರೆಲ್ಲ ಹೇಳಿದನಂತೆ. ದೊರೆಗೆ ಗೊತ್ತಿದ್ದದ್ದು ಎಷ್ಟು ಮಹಾ. ನಿದ್ದೆಯಿಲ್ಲ, ತುತ್ತು ಇಳಿಯದು. ಆಗ ಮುದುಕಿ ನೆನಪಾದಳಂತೆ. ಹೆಸರು ಹೇಳೋಣವೆಂದರೆ ಹೆಸರೇ ಗೊತ್ತಿಲ್ಲ. ಅರಮನೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಆಮೇಲೆ ಬಿಕ್ಕುತ್ತಾ ತಾನೇ ಅವಳ ತಮ್ಮನ ಊರಿಗೆ ನಡೆದುಹೋದನಂತೆ. ಅಲ್ಲಿ ಜಗಲಿಯ ಮೇಲೆ ಮುದುಕಿಯೂ ಒಬ್ಬಳೇ ಬಿಕ್ಕುತ್ತಾ ಕೂತಿದ್ದಳಂತೆ. ತಮ್ಮನ ಹೆಸರು, ನಾದಿನಿ ಹೆಸರು, ಹಸುವಿನ ಹೆಸರು ಎಲ್ಲ ಹೇಳಿ ನೋಡಿದ್ದಳಂತೆ. ದೊರೆಯ ಹೆಸರು ಹೊಳೆದಿರಲಿಲ್ಲ. ದೊರೆಗಳು ನೆನೆಸಿಕೊಳ್ಳೋದು ಎಲ್ಲಾದರೂ ಉಂಟೇ?

ಅವ್ವಾ, ಹಿಕ್, ನಿನ್ನ ಹೆಸರೇನು ಅಂದನಂತೆ. ಮುದುಕಿ ಬಹಳ ಹೊತ್ತು ಯೋಚಿಸಿದಳಂತೆ, ಕರೆಯೋರಿಲ್ಲದೆ ಅವಳಿಗೂ ಮರೆತುಹೋಗಿತ್ತು ನೋಡು. ಪುಟ್ನಿಂಗಿ ಕಣೋ ಕೆಂಚಾ ಅಂದಳಂತೆ. ಪುಟ್ನಿಂಗವ್ವಾ ಅಂದನಂತೆ ದೊರೆ. ಇಬ್ಬರದೂ ನಿಂತುಹೋಯಿತಂತೆ. ಬಗ್ಗು, ಕಿವಿ ತೋರಿಸು ಅಂದಳಂತೆ. ಅಲ್ಲಿ ರಾಗಿ ಬಿತ್ತಬಹುದಿತ್ತಂತೆ.

ದೊರೆ ಅವಳನ್ನು ಕರೆದುಕೊಂಡು ಬಂದನಂತೆ. ಅವಳಿರೋವರೆಗೂ ಅವನಿಗೆ ಮತ್ತೆ ಬಿಕ್ಕಳಿಕೆ ಬರಲಿಲ್ಲವಂತೆ, ಬೇಕು ಅಂತಲೂ ಅನ್ನಿಸಲಿಲ್ಲವಂತೆ. ಕತೆಯೂ ಮುಗೀತು, ದೀಪದ ಎಣ್ಣೆಯೂ ಮುಗೀತು. ಕಣ್ಣು ಮುಚ್ಚು ಮಗ, ನಾನು ಇಲ್ಲೇ ಇದೀನಿ.