ಚಾಚಿದ ಕೈ

ಮುರುಡೇಶ್ವರದಿಂದ ಸ್ಕೂಬಾ ಡೈವಿಂಗಿಗೆ ಹೊರಟ ಬೋಟಿಗೆ ಕಂಟ್ರಾಕ್ಟರ್ ವಿರೂಪಾಕ್ಷಯ್ಯ ಹತ್ತುವಾಗಲೇ ಗುಡುಗಿದರು: "ಟಿಪ್ಸು ಗಿಪ್ಸು ಅಂತ ಯಾವನೂ ನನ್ನ ಮುಂದೆ ಕೈ ಚಾಚಬಾರದು."

"ಆಯ್ತು ಸಾರ್," ಅಂದ ಬೋಟಿನ ಆಳು ಮಾಸ್ತಿ.

ಮುಳುಗಿ ಎದ್ದ ಸಾಹೇಬರಿಗೆ ಬೆನ್ನ ಮೇಲಿನ ಸಿಲಿಂಡರ್ ಹೊತ್ತು ಏಣಿ ಹತ್ತಲಾಗಲಿಲ್ಲ. ಏಣಿಗೆ ಜೋತುಬಿದ್ದು ಒಂದು ಕೈ ಮೇಲೆತ್ತಿದರು. "ಕೈ ಕೊಡೋ."

ಮಾಸ್ತಿ ಕೈಕಟ್ಟಿಕೊಂಡೇ ಬಗ್ಗಿ, ವಿನಯದಿಂದ ಕೇಳಿದ: "ಚಾಚಬಹುದಾ ಸಾರ್?"

ಬೋಟಿನವರೆಲ್ಲ ಅತ್ತ ತಿರುಗಿದರು. ಸಾಹೇಬರು ಎಲ್ಲರೆದುರು ಚಾಚಿದ್ದ ತಮ್ಮ ಕೈಯನ್ನೇ ನೋಡಿದರು. ಕೆಳಗಿಳಿಸುವ ಹಾಗೂ ಇರಲಿಲ್ಲ.

"ಚಾಚಪ್ಪಾ," ಅಂದರು ಮೆಲ್ಲಗೆ. ಮಾಸ್ತಿ ಮೇಲೆಳೆದುಕೊಂಡ.

ದಡ ಬರುವವರೆಗೂ ಅವರು ತಲೆ ಎತ್ತಲಿಲ್ಲ. ಇಳಿಯುವಾಗ ಮಡಿಸಿದ ನೋಟು ಹಿಡಿದು ಮಾಸ್ತಿಯ ಮುಂದೆ ನಿಂತರು. ಮಾಸ್ತಿಯ ಕೈ ಬೆನ್ನ ಹಿಂದೆಯೇ ಇತ್ತು.

"ತಗೊಳ್ಳಿ," ಅಂದರು. "ಈಗಲೂ ಕೈ ಚಾಚಿರೋದು ನಾನೇ."